ಅಗ್ಗವೆಂಬ ವಿಪತ್ತು: ಮುಗ್ಗಟ್ಟಿನ ಕಾಲದ ಅರ್ಥನೀತಿವಾದಗಳೂ ಕನ್ನಡ ನುಡಿಯೂ

ಕಳೆದ ಶತಮಾನದ ನಾಲ್ಕನೆಯ ದಶಕದ ಕನ್ನಡ ಸಾಹಿತ್ಯವನ್ನು ಕುರಿತು ಬರೆದ ವಿಮರ್ಶಕರು ಬಡತನವೆಂಬ ಮಾತನ್ನು ಧಾರಾಳವಾಗಿ ಬಳಸಿದ್ದಾರೆ. ಆ ಬಡತನವು ಎಂತಹುದು, ಯಾವ ದಾರಿಯಿಂದ ಮನೆಯನ್ನು ಹೊಕ್ಕಿತು ಎಂಬುದನ್ನು ವಿಚಾರಿಸಿದವರು ವಿರಳ. ಹೊಲದಲ್ಲಿ ಏನೂ ಬೆಳೆಯದೆ ಬರುವ ಬಡತನವೊಂದು. ಹೊಲ ತುಂಬ ಬೆಳೆದು, ಬೆಳೆದುದಕ್ಕೆ ಬೆಲೆಯಿಲ್ಲದೆ ಬರುವ ಬಡತನ ಇನ್ನೊಂದು. ಮೊದಲನೆಯದನ್ನು ನಮ್ಮ ಜನರು ಬರವೆಂದು ಕರೆದು, ಅದನ್ನು ಕುರಿತು ಹಾಡಿ, ಶಪಿಸಿ, ಶಾಸನಗಳಲ್ಲಿ ಬರೆಯಿಸಿ ನೆನಪಿಟ್ಟುಕೊಂಡಿದ್ದಾರೆ. ಎರಡನೆಯದಕ್ಕೆ ಮುಗ್ಗಟ್ಟು, ಮಾಂದ್ಯ, ಹಿಂಜರಿತ ಎಂಬ ಹೆಸರುಗಳನ್ನಿಟ್ಟವರು ಪತ್ರಿಕಾಕರ್ತರೂ ಶಾಸ್ತ್ರಜ್ಞರೂ ಆಗಿರುವರಲ್ಲದೆ ಒಕ್ಕಲಿಗರಲ್ಲ. 1929ರ ಕೊನೆಯಿಂದ ಐದಾರು ವರ್ಷಗಳ ಕಾಲ ಲೋಕವನ್ನೆಲ್ಲ ಆವರಿಸಿದ ಮಹಾಮುಗ್ಗಟ್ಟು ಈ ಎರಡನೆಯ ಬಗೆಯದು. ಆ ಕಾಲದಲ್ಲಿ ಸರಕಾರದ ಅರ್ಥನೀತಿಯನ್ನು ಕುರಿತು ನಡೆದ ವಾದಪ್ರತಿವಾದಗಳನ್ನು ಒಂದು ಬಗೆಯ ಗದ್ಯವಾಙ್ಮಯವೆಂದೇ ಎಣಿಸಿ, ಅವುಗಳ ಮಾತು ವಸ್ತುವನ್ನು ಎಷ್ಟರಮಟ್ಟಿಗೆ ಹಿಡಿಯಬಲ್ಲುದಾಯಿತು ಎಂಬುದನ್ನು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ. ದೃಷ್ಟಾಂತಕ್ಕಾಗಿ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಸೀಮೆಯನ್ನು ಆರಿಸಿಕೊಂಡಿದ್ದೇವೆ. ಆಗ ಅದು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದಿತು. ಹಾವೇರಿಯು ಬೇರೆ ಜಿಲ್ಲೆಯಾದುದು 1997ರಲ್ಲಿ.

ಮೊದಲು ಶಬ್ದವಿಚಾರ. ಸಂಸ್ಕೃತದಿಂದ ನಮಗೆ ಬಂದ ಸುಭಿಕ್ಷ, ದುರ್ಭಿಕ್ಷ ಎಂಬ ಜೋಡಿಯನ್ನು ನೋಡಬೇಕು. ಭಿಕ್ಷೆಯು ಸುಲಭವಾಗಿ ದೊರೆಯುವ ಕಾಲ ಸುಭಿಕ್ಷ. ದೊರೆಯದ ಕಾಲ ದುರ್ಭಿಕ್ಷ. ಎರಡನ್ನೂ ನೋಡಿದುದು ಉಣ್ಣುವವನ ಕಣ್ಣು, ಬೆಳೆದು ಮಾರುವವನ ಕಣ್ಣಲ್ಲ. ‘ಅರ್ಘ’ವೆಂದರೆ ಬೆಲೆ, ಅದರ ತದ್ಭವವಾದ ‘ಅಗ್ಗ’ವು ಕನ್ನಡದಲ್ಲಿ ಕಡಮೆ ಬೆಲೆಯೆಂಬ ಒಂದೇ ಅರ್ಥಕ್ಕೆ ಸಂಕೋಚ ಹೊಂದಿತು. ಧಾರವಾಡದ ಕಡೆಯ ಸೋವಿ-ತುಟ್ಟಿಗಳೂ ಹಾಗೆಯೇ. ಸೋವಿಯೆಂಬುದು ಸಂತೆಗೆ ಹೋದ ಹೆಣ್ಣುಮಗಳಿಗೆ ಸಂತೋಷದ ಮಾತು, ತುಟ್ಟಿಯೆಂಬುದು ನಿಟ್ಟುಸಿರಿನ ಮಾತು. ಆದುದರಿಂದ ‘ಎಲ್ಲವೂ ಸೋವಿಯಾಗಿ ನಾವು ಕೆಟ್ಟೆವು’ ಎಂಬ ವಾಕ್ಯವು ಕನ್ನಡದಲ್ಲಿ ವಿರೋಧಾಭಾಸಾಲಂಕಾರದಂತೆ ಕೇಳಿಸುವುದು. 1931ರ ಒಕ್ಕಲಿಗನ ಪಾಲಿಗೆ ಅದು ಅಲಂಕಾರವಾಗಿರಲಿಲ್ಲ.

ಇಲ್ಲಿ ಒಂದು ಅಪವಾದವನ್ನು ಹೇಳಬೇಕು. ಯುಗಾದಿಯಂದು ಓದಿಸುವ ಪಂಚಾಂಗದ ನವನಾಯಕರಲ್ಲಿ ಸಸ್ಯಾಧಿಪತಿ, ಧಾನ್ಯಾಧಿಪತಿ, ಮೇಘಾಧಿಪತಿಗಳಲ್ಲದೆ ಅರ್ಘಾಧಿಪತಿಯೂ ಒಬ್ಬನುಂಟು. ಮಳೆ ಬೇರೆ, ಬೆಳೆ ಬೇರೆ, ಬೆಲೆ ಬೇರೆ. ಒಂದೊಂದಕ್ಕೂ ಬೇರೆ ಬೇರೆ ಒಡೆಯರಿರಬಹುದು ಎಂಬ ತಿಳಿವು ನಮ್ಮ ಜೋಯಿಸರಿಗಿದ್ದಿತು. ಈ ಅರ್ಘಾಧಿಪತಿಯನ್ನು ವಾಚಕರು ಸ್ವಲ್ಪ ನೆನಪಿನಲ್ಲಿಟ್ಟುಕೊಂಡಿರಬೇಕು. 1876-78ರ ಕ್ಷಾಮವು ಧಾತು-ಈಶ್ವರ ಸಂವತ್ಸರಗಳ ಬರವೆಂದು ಇಂದಿಗೂ ಹೆಸರುಳಿಸಿಕೊಂಡಿದೆ. 1930-31 ಪ್ರಮೋದೂತ ಸಂವತ್ಸರ; ಅದರ ಮುಂದಿನವು ಪ್ರಜೋತ್ಪತ್ತಿ, ಆಂಗೀರಸ, ಶ್ರೀಮುಖ. ಹೆಸರಿನಲ್ಲಿಯೇ ಮೋದವುಳ್ಳ ವರ್ಷದಿಂದ ಮೊದಲಾಗಿ ಬೆಲೆಗಳು ಪಾತಾಳವನ್ನು ಮುಟ್ಟಿದವಾದರೂ ಈ ಸಂವತ್ಸರಗಳು ಧಾತು-ಈಶ್ವರಗಳಂತೆ ಜನರ ನಾಲಗೆಯ ಮೇಲೆ ನಿಲ್ಲಲಿಲ್ಲ.

ಈ ಸೀಮೆಯ ಸ್ಥಿತಿಯನ್ನು ಎರಡು ಮಾತಿನಲ್ಲಿ ಹೇಳಬಹುದು. ವರದೆಯು ತುಂಗಭದ್ರೆಯನ್ನು ಕೂಡುವೆಡೆಯಲ್ಲಿ ಗಳಗನಾಥವಿದೆ. ಚಾಲುಕ್ಯರ ಕಾಲದ ಗಳಗೇಶ್ವರ ದೇವಾಲಯ ಅಲ್ಲಿಯದು. ಆ ಕಾಲದ ಶಾಸನಗಳಲ್ಲಿ ಬರುವ ‘ಸಿದ್ಧಾಯ’ವೆಂಬ ಮಾತು ಮೊದಲೇ ಗೊತ್ತುಮಾಡಿದ ತೆರಿಗೆಯನ್ನು ಸೂಚಿಸುವುದರಿಂದ, ಏರಿಳಿಯದ ತೆರಿಗೆಯ ಕಲ್ಪನೆಯು ಇಂಗ್ಲಿಷರೊಡನೆ ಬಂದುದಲ್ಲ. ಅವರೊಡನೆ ಬಂದುದು ದೂರದ ಬೆಲೆ. ಹುಬ್ಬಳ್ಳಿಯಿಂದ ಹರಿಹರಕ್ಕೆ ಹೋಗುವ ರೈಲುದಾರಿಯು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳನ್ನು ಒಂದು ನೂಲಿನಲ್ಲಿ ಪೋಣಿಸಿತು. ಈ ಊರುಗಳ ಹತ್ತಿ, ಮೆಣಸಿನಕಾಯಿ, ಮಲೆನಾಡಿನಿಂದ ಹಾವೇರಿಗೆ ಬಂದು ಹಸನಾಗುತ್ತಿದ್ದ ಏಲಕ್ಕಿ, ಇವೆಲ್ಲವುಗಳ ಧಾರಣೆ ಹೊರಗಿನ ಪೇಟೆಗಳ ಕೈಗೆ ಹೋಯಿತು. ಇದರ ಮೊದಲ ಪಾಠವನ್ನು ಈ ನಾಡು 1861ರಿಂದ 1865ರವರೆಗಿನ ಅಮೆರಿಕೆಯ ಅಂತರ್ಯುದ್ಧದಲ್ಲಿ ಕಲಿತಿದ್ದಿತು. ಆಗ ಲಿವರ್‌ಪೂಲಿಗೆ ಅಮೆರಿಕೆಯ ಹತ್ತಿ ಹೋಗದುದರಿಂದ ಧಾರವಾಡದ ಹತ್ತಿಗೆ ಹೊನ್ನಿನ ಬೆಲೆ ಬಂದಿತು. ಯುದ್ಧ ಮುಗಿಯುತ್ತಲೇ ಕುಸಿಯಿತು. ಏರಿದ ಬೆಲೆಯನ್ನು ನೋಡಿ ಮಾಡಿದ ಸಾಲ ಮಾತ್ರ ಕುಸಿಯಲಿಲ್ಲ. ದಖ್ಖಣದಲ್ಲಿ ಇದರ ಫಲವಾಗಿ 1875ರ ದಂಗೆಗಳೂ 1879ರ ಒಕ್ಕಲಿಗರ ಪರಿಹಾರದ ಕಾಯಿದೆಯೂ ಹುಟ್ಟಿದವು.

ಇನ್ನು ಸರಕಾರದ ಮಾತಿಗೆ ಬರೋಣ. ಮುಂಬಯಿ ಇಲಾಖೆಯ ರಯತವಾರಿಯಲ್ಲಿ ಕಂದಾಯವನ್ನು ಮೂವತ್ತು ವರ್ಷಗಳಿಗೊಮ್ಮೆ ನಾಣ್ಯದಲ್ಲಿ ಗೊತ್ತುಮಾಡುತ್ತಿದ್ದರು. ಮಳೆ ಹೋದ ವರ್ಷ ವಸೂಲಿಯನ್ನು ತಡೆಯಲು ಆಣೆವಾರಿಯೆಂಬ ಪದ್ಧತಿಯಿದ್ದಿತು. ಬೆಳೆಯು ರೂಪಾಯಿಗೆ ಇಷ್ಟು ಆಣೆಯಷ್ಟು ಬಂದಿದೆಯೆಂದು ಕಣ್ಣಂದಾಜಿನಿಂದ ನಿರ್ಣಯಿಸುವುದು. ನಾಲ್ಕಾಣೆಗೆ ಇಳಿದರೆ ವಸೂಲಿಯನ್ನು ಮುಂದೂಡುವುದು. 1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಗಾಂಧಿಯವರು ನಡೆಯಿಸಿದ ಸತ್ಯಾಗ್ರಹವು ಈ ನಾಲ್ಕಾಣೆಯ ಲೆಕ್ಕದ ಮೇಲೆಯೇ ನಿಂತಿದ್ದಿತು. ಬೆಳೆ ನಾಲ್ಕಾಣೆಗಿಂತ ಹೆಚ್ಚೆಂದು ಅಧಿಕಾರಿಗಳು, ಕಡಮೆಯೆಂದು ರೈತರು. ವಾದಿಸುತ್ತಿದ್ದವರು ಇಬ್ಬರಾದರೂ ಅಳತೆಗೋಲು ಒಂದೇ ಆಗಿದ್ದಿತೆಂಬುದನ್ನು ಗಮನಿಸಬೇಕು. ಹೀಗೆ ಒಂದೇ ಕೋಲನ್ನು ಹಿಡಿದು ಜಗಳವಾಡುವವರ ವಾದವು ಎಂದಾದರೊಂದು ದಿನ ತೀರುವುದು.

ಮುಗ್ಗಟ್ಟಿನ ವಾದವು ತೀರದಂತಹುದಾಯಿತು. ಏಕೆಂದರೆ ಆಗ ಕೋಲೇ ಕೆಟ್ಟಿತು. ಒಂದು ಲೆಕ್ಕವನ್ನು ಉದಾಹರಣೆಗೆ ಹಿಡಿಯೋಣ. ಒಬ್ಬ ಒಕ್ಕಲಿಗನು ಮೂರು ಚೀಲ ಜೋಳವನ್ನು ಮಾರಿ ತನ್ನ ಕಂದಾಯವನ್ನು ಕಟ್ಟುತ್ತಿದ್ದನೆನ್ನೋಣ. ಬೆಳೆ ಹದಿನಾರಾಣೆ ಬಂದು ಧಾರಣೆ ಅರ್ಧಕ್ಕಿಳಿದರೆ ಅವನು ಆರು ಚೀಲಗಳನ್ನು ಮಾರಬೇಕು. ಕುಲಕರ್ಣಿಯ ದಪ್ತರದಲ್ಲಿ ಆ ವರ್ಷ ‘ಹದಿನಾರಾಣೆ’ ಎಂದು ಬರೆದಿರುವುದು, ಅದು ಸುಳ್ಳಲ್ಲ. ಮನೆಯ ಹಗೇವಿನಲ್ಲಿ ಮೂರು ಚೀಲ ಕಡಮೆಯಾಗಿರುವುದು, ಅದೂ ಸುಳ್ಳಲ್ಲ. ಆಣೆವಾರಿಯು ಹಣದ ಹೆಸರನ್ನಿಟ್ಟುಕೊಂಡು ಹಣವನ್ನು ಅಳೆಯದೆ ಧಾನ್ಯವನ್ನು ಅಳೆಯುತ್ತಿದ್ದಿತು. ಪಂಚಾಂಗದ ಮಾತಿನಲ್ಲಿ ಹೇಳುವುದಾದರೆ ಸರಕಾರದ ನವನಾಯಕರಲ್ಲಿ ಸಸ್ಯಾಧಿಪತಿಯೊಬ್ಬನೇ ಇದ್ದನು. ಅರ್ಘಾಧಿಪತಿಗೆ ಅಲ್ಲಿ ಪೀಠವಿರಲಿಲ್ಲ. ಇದು ಒಬ್ಬಿಬ್ಬರು ಮಾಮಲೇದಾರರ ನಿರ್ದಯತೆಯೆಂದು ತಿಳಿಯುವುದು ಸುಲಭ. ನಿಜವಾದ ದೋಷವು ನುಡಿಯಲ್ಲಿ, ನಿಯಮದ ಪರಿಭಾಷೆಯಲ್ಲಿ ಅಡಗಿದ್ದಿತು. ದಯೆಯುಳ್ಳ ಅಧಿಕಾರಿಯೂ ‘ಬೆಳೆ ಚೆನ್ನಾಗಿದೆ’ ಎಂದೇ ಬರೆಯಬೇಕಾಗುತ್ತಿದ್ದಿತು. ಬೆಲೆಯನ್ನು ಲೆಕ್ಕಕ್ಕೆ ತರುವುದು ಅಸಾಧ್ಯವಾಗಿರಲಿಲ್ಲವೆಂಬುದಕ್ಕೆ ಸಂಯುಕ್ತ ಪ್ರಾಂತವೇ ಸಾಕ್ಷಿ. 1931ರಲ್ಲಿ ಅಲ್ಲಿ ಬೆಲೆಯಿಳಿತವನ್ನೇ ಕಾರಣವಾಗಿ ಹಿಡಿದು ಗೇಣಿಯಲ್ಲಿಯೂ ಕಂದಾಯದಲ್ಲಿಯೂ ವಜಾ ಕೊಡಬೇಕಾಯಿತು.

ಸರಕಾರದ ಪಕ್ಷದಲ್ಲಿಯೂ ಹೇಳತಕ್ಕ ಮಾತುಂಟು. ಕಂದಾಯವು ರೈತನ ಹೊರೆಯಲ್ಲಿ ಚಿಕ್ಕ ಪಾಲು, ಸಾವಕಾರನ ಬಡ್ಡಿಯೇ ದೊಡ್ಡ ಪಾಲು ಎಂದು ಅಧಿಕಾರಿಗಳು ವಾದಿಸಿದರು. ಮೊತ್ತವನ್ನು ನೋಡಿದರೆ ಈ ಮಾತನ್ನು ಅಲ್ಲಗಳೆಯುವುದು ಕಷ್ಟ. ಆದರೆ ಸಾವಕಾರನೊಡನೆ ಮಾತಿಗೆ ಅವಕಾಶವಿದೆ. ಅವನು ಈ ವರ್ಷ ಬಿಟ್ಟು ಮುಂದಿನ ವರ್ಷ ಬರೆಯಿಸಿಕೊಳ್ಳುವನು. ಕಿಸ್ತಿಗೆ ತಾರೀಖು ಉಂಟು. ಸುಗ್ಗಿಯ ಹಿಂದೆಯೇ ಬರುವ ಆ ತಾರೀಖು ಊರಿನವರೆಲ್ಲರನ್ನೂ ಏಕಕಾಲದಲ್ಲಿ ಅಡತಿ ಅಂಗಡಿಯ ಬಾಗಿಲಿಗೆ ದಬ್ಬುವುದು. ಎಲ್ಲರೂ ಒಮ್ಮೆಗೇ ಮಾರುವಾಗ ಧಾರಣೆ ಇನ್ನಷ್ಟು ಇಳಿಯುವುದು. ಆದುದರಿಂದ ಕಂದಾಯದ ಭಾರವನ್ನು ಅದರ ಮೊತ್ತದಿಂದಲ್ಲ, ಅದು ಹುಟ್ಟಿಸುವ ಮಾರಾಟದ ಅವಸರದಿಂದ ಅಳೆಯಬೇಕಾಗಿದ್ದಿತು. ವಿರೋಧಪಕ್ಷದವರ ಕೈಗೆ ಈ ವಾದವು ಸಿಗಬಹುದಾಗಿದ್ದಿತು. ಅವರು ಮತ್ತೊಂದು ವಾದದ ಬೆನ್ನುಹತ್ತಿದರು.

ಆ ವಾದವೇ ರೂಪಾಯಿಯ ವಿನಿಮಯದರದ ವಾದ. 1926ರಲ್ಲಿ ಹಿಲ್ಟನ್ ಯಂಗ್ ಆಯೋಗವು ರೂಪಾಯಿಯನ್ನು 18 ಪೆನ್ನಿಗೆ ನಿಲ್ಲಿಸಬೇಕೆಂದು ಹೇಳಿತು. ಆಯೋಗದ ಸದಸ್ಯರಲ್ಲೊಬ್ಬರಾದ ಪುರುಷೋತ್ತಮದಾಸ ಠಾಕೂರದಾಸರು 16 ಪೆನ್ನಿಯೇ ಯುಕ್ತವೆಂದು ಭಿನ್ನಮತವನ್ನು ಬರೆದರು. 1927ರ ನಾಣ್ಯದ ಕಾಯಿದೆಯು 18 ಪೆನ್ನಿಯನ್ನೇ ಸ್ಥಿರಪಡಿಸಿತು. ಠಾಕೂರದಾಸರ ಭಿನ್ನಮತವು ಆ ಕಾಲದ ಅರ್ಥಶಾಸ್ತ್ರಗದ್ಯದಲ್ಲಿ ಉತ್ತಮವಾದುದರಲ್ಲೊಂದು. ಅದರ ಬಲವೇನೆಂದರೆ ದರದ ಪ್ರಶ್ನೆಯನ್ನು ಬ್ಯಾಂಕಿನ ಕೋಣೆಯಿಂದ ಹೊಲಕ್ಕೆ ತಂದುದು. ಲಂಡನ್ನಿನಲ್ಲಿ ಒಂದು ಪೌಂಡಿಗೆ, ಎಂದರೆ 240 ಪೆನ್ನಿಗೆ, ಮಾರುವ ಸರಕಿಗೆ 16 ಪೆನ್ನಿಯ ರೂಪಾಯಿಯಾದರೆ 15 ರೂಪಾಯಿ ಬರುವುದು. 18 ಪೆನ್ನಿಯ ರೂಪಾಯಿಯಾದರೆ 13 ರೂಪಾಯಿ 5 ಆಣೆ 4 ಪೈ. ಹತ್ತಿ ಅಷ್ಟೇ, ಲಂಡನ್ನಿನ ಬೆಲೆ ಅಷ್ಟೇ. ಒಕ್ಕಲಿಗನ ಕೈಗೆ ಒಂಬತ್ತರಲ್ಲೊಂದು ಪಾಲು ಕಡಮೆ. ಕಂದಾಯವೂ ಸಾಲವೂ ರೂಪಾಯಿಯಲ್ಲಿಯೇ ನಿಂತಿರುವುದರಿಂದ ಆ ಪಾಲು ಅವನ ಹೊಟ್ಟೆಯಿಂದಲೇ ಹೋಗಬೇಕು. ಈ ಲೆಕ್ಕದಲ್ಲಿ ತಪ್ಪಿಲ್ಲ.

ತಪ್ಪು ಬಂದುದು ಅನಂತರ. ಮುಗ್ಗಟ್ಟು ಬಂದ ಮೇಲೆ ದೇಶಾಭಿಮಾನಿಗಳಾದ ಲೇಖಕರಲ್ಲಿ ಅನೇಕರು ಬೆಲೆಯಿಳಿತಕ್ಕೆಲ್ಲ ಆ ಎರಡು ಪೆನ್ನಿಗಳೇ ಕಾರಣವೆಂಬಂತೆ ಬರೆಯತೊಡಗಿದರು. 1914ರ ಬೆಲೆಯನ್ನು 100 ಎಂದು ಹಿಡಿದ ಕಲಕತ್ತೆಯ ಸಗಟು ಬೆಲೆಗಳ ಸೂಚ್ಯಂಕವು 1929ರಲ್ಲಿ 141 ಇದ್ದುದು 1931ರಲ್ಲಿ 96ಕ್ಕೂ 1933ರಲ್ಲಿ 87ಕ್ಕೂ ಇಳಿಯಿತು. ಇದು ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚಿನ ಇಳಿತ. ಒಂಬತ್ತರಲ್ಲೊಂದು ಪಾಲನ್ನು ವಿವರಿಸಬಲ್ಲ ಕಾರಣವು ಇಷ್ಟೆಲ್ಲವನ್ನು ವಿವರಿಸಲಾರದು; ಮೇಲಾಗಿ ಆ ಒಂಬತ್ತನೆಯ ಪಾಲು 1929ಕ್ಕೆ ಮೊದಲೇ ಬೆಲೆಗಳಲ್ಲಿ ಸೇರಿಹೋಗಿದ್ದಿತು. 1931ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡು ಸುವರ್ಣಪ್ರಮಾಣವನ್ನು ಬಿಟ್ಟಾಗ ರೂಪಾಯಿಯನ್ನು ಸ್ಟರ್ಲಿಂಗಿಗೆ ಅದೇ 18 ಪೆನ್ನಿಯ ದರದಲ್ಲಿ ಕಟ್ಟಿದರು. ಆ ದರವನ್ನು ಕಾಯುವುದಕ್ಕಾಗಿ ಚಲಾವಣೆಯ ಹಣವನ್ನು ಬಿಗಿಹಿಡಿದುದು, ಬೆಲೆಗಳು ಬೀಳುತ್ತಿದ್ದಾಗಲೇ ಹಣವನ್ನು ಹಿಂದೆಗೆದುದು, ವಿತ್ತಸದಸ್ಯ ಜಾರ್ಜ್ ಶುಸ್ಟರರ ನೀತಿಯಲ್ಲಿ ನಿಜವಾಗಿ ಖಂಡನೀಯವಾದ ಅಂಶ. ದರದ ಅಂಕೆಯನ್ನು ಕುರಿತು ಬಂದ ಬರವಣಿಗೆಯ ಹತ್ತರಲ್ಲೊಂದು ಪಾಲು ಹಣದ ಈ ಬಿಗಿಯನ್ನು ಕುರಿತು ಬಂದಿದ್ದರೆ ವಾದವು ಎಷ್ಟೋ ಬಲವಾಗುತ್ತಿದ್ದಿತು. ಅಂಕೆಯನ್ನು ಘೋಷಣೆಯಾಗಿ ಮಾಡಬಹುದು. ಚಲಾವಣೆಯ ಸಂಕೋಚವನ್ನು ಘೋಷಣೆಯಾಗಿ ಮಾಡುವುದು ಕಷ್ಟ. ವಾಙ್ಮಯದ ಸೌಕರ್ಯವು ವಿಚಾರದ ದಾರಿಯನ್ನು ತಿರುಗಿಸಿತು ಎನ್ನಬೇಕಾಗಿದೆ.

ಬಂಗಾರದ ವಾದವೂ ಇದಕ್ಕೆ ಸೇರಿದುದೇ. 1927ರ ಕಾಯಿದೆಯ ಮೇರೆಗೆ ತೊಲೆ ಬಂಗಾರಕ್ಕೆ 21 ರೂಪಾಯಿ 3 ಆಣೆ 10 ಪೈ. ಸ್ಟರ್ಲಿಂಗು ಬಂಗಾರವನ್ನು ಬಿಟ್ಟಮೇಲೆ ರೂಪಾಯಿಯಲ್ಲಿ ಅದರ ಬೆಲೆ ಏರಿತು. ಜೋಳ, ಹತ್ತಿ, ಮೆಣಸಿನಕಾಯಿಗಳೆಲ್ಲ ಬಿದ್ದುಹೋದಾಗ ಮನೆಯಲ್ಲಿ ಬೆಲೆಯೇರಿದ ವಸ್ತುವೆಂದರೆ ಹೆಂಗಸರ ಮೈಮೇಲಿನ ಒಡವೆಯೊಂದೇ. ಅದು ಅಕ್ಕಸಾಲೆಯ ಮೂಸೆಯನ್ನು ಹೊಕ್ಕು ಮುಂಬಯಿಗೂ ಅಲ್ಲಿಂದ ಹಡಗಿಗೂ ಹೋಯಿತು. ಮಾರುವವನಿಗೆ ಲಾಭವೆಂದು ಸರಕಾರ ಹೇಳಿತು. ಇದು ಸಂಕಟದ ಬಂಗಾರ, ಇದರ ರಫ್ತನ್ನು ನಿಷೇಧಿಸಬೇಕೆಂದು ದೇಶದ ವರ್ತಕರ ಸಂಘಗಳು ಹೇಳಿದವು. ಸರಕಾರದ ಮಾತಿನಲ್ಲಿ ಕ್ರೌರ್ಯವಿದೆ: ಮನೆಗೆ ಬೆಂಕಿ ಬಿದ್ದಾಗ ಮಾರಿದ ತೊಲೆಕಂಬಕ್ಕೆ ಒಳ್ಳೆಯ ಬೆಲೆ ಬಂದಿತೆಂದು ಅಭಿನಂದಿಸಿದಂತೆ. ನಿಷೇಧದ ಬೇಡಿಕೆಯಲ್ಲಿ ಅವಿಚಾರವಿದೆ: ರಫ್ತನ್ನು ತಡೆದರೆ ಬಂಗಾರದ ಬೆಲೆಯೂ ಇಳಿದು, ಕಿಸ್ತು ಕಟ್ಟಲು ಉಳಿದಿದ್ದ ಒಂದೇ ದಾರಿಯೂ ಮುಚ್ಚುತ್ತಿದ್ದಿತು. ಸರಕಾರವೇ ಪೇಟೆಯ ಬೆಲೆಗೆ ಕೊಂಡು ತನ್ನ ನಿಧಿಯಲ್ಲಿಟ್ಟುಕೊಳ್ಳಲೆಂಬ ಮೂರನೆಯ ಸಲಹೆಯೊಂದೇ ಒಡವೆಯ ಒಡತಿಗೂ ದೇಶಕ್ಕೂ ಒಪ್ಪುವಂತಹುದು. ಅದನ್ನು ಯಾರೂ ಗಟ್ಟಿಯಾಗಿ ಹಿಡಿಯಲಿಲ್ಲ.

ದೇಶವೆಲ್ಲ ಒಂದು ಪಕ್ಷ, ಸರಕಾರವೊಂದು ಪಕ್ಷ ಎಂಬ ಸರಳವಾದ ಚಿತ್ರವನ್ನು ಮೊದಲೇ ಕಲಕಿದವರು ಅಂಬೇಡಕರರು. 1923ರಲ್ಲಿ ರೂಪಾಯಿಯ ಸಮಸ್ಯೆಯನ್ನು ಕುರಿತು ಗ್ರಂಥವನ್ನು ಪ್ರಕಟಿಸಿದ್ದ ಅವರು ಹಿಲ್ಟನ್ ಯಂಗ್ ಆಯೋಗದ ಮುಂದೆಯೂ ಸಾಕ್ಷ್ಯವನ್ನು ಕೊಟ್ಟರು. ರೂಪಾಯಿ ಇಳಿದು ಬೆಲೆಗಳೇರಿದರೆ ವರ್ತಕನಿಗೆ ಲಾಭ. ಕೂಲಿಯವನಿಗೆ ಅದು ಹೆಸರಿಲ್ಲದ ಕೂಲಿಕಡಿತ, ಏಕೆಂದರೆ ಕೂಲಿಯು ಬೆಲೆಯಷ್ಟು ಬೇಗ ಏರುವುದಿಲ್ಲ ಎಂಬುದು ಅವರ ವಾದದ ತಿರುಳು. ಅಗ್ಗವು ಯಾರಿಗೆ ವಿಪತ್ತು ಎಂಬ ಪ್ರಶ್ನೆಯನ್ನು ಇಷ್ಟು ನಿಷ್ಠುರವಾಗಿ ಕೇಳಿದವರು ಆ ಕಾಲದಲ್ಲಿ ಇನ್ನಾರೂ ಇಲ್ಲ. ಭೂಮಿಯುಳ್ಳವನ ಅಳಲನ್ನೇ ನಾಡಿನ ಅಳಲೆಂದು ಬರೆಯುವ ಅಭ್ಯಾಸಕ್ಕೆ ಇದು ಈಗಲೂ ಮದ್ದು. ಆದರೆ 1930ರ ಅನುಭವವು ಈ ವಾದಕ್ಕೂ ಒಂದು ಮೇರೆಯನ್ನು ತೋರಿಸಿತು: ಜೋಳವು ಸೋವಿಯಾದುದರಿಂದ ಕೂಲಿಗೆ ಸುಖವಾಗಬೇಕಾದರೆ ಮೊದಲು ಕೂಲಿ ಸಿಗಬೇಕು. ಬೆಲೆಯಿಲ್ಲದ ಹತ್ತಿಯನ್ನು ಬಿಡಿಸಲು ಒಕ್ಕಲಿಗನು ಆಳನ್ನು ಕರೆಯುವುದಿಲ್ಲ.

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆಯನ್ನು ಸೂಚಿಸಿ ಇಂಗ್ಲಿಷಿನಲ್ಲಿ ಬರೆದ ಗ್ರಂಥವು 1934ರಲ್ಲಿ, ಎಂದರೆ ಮುಗ್ಗಟ್ಟಿನ ತಳದಲ್ಲಿ, ಹೊರಬಿತ್ತು. ಹತ್ತು ವರ್ಷಗಳಲ್ಲಿ ದೇಶದ ಆದಾಯವನ್ನು ಇಮ್ಮಡಿಸಬೇಕೆಂಬುದು ಅದರ ಸಂಕಲ್ಪ. ಅದರ ಧೈರ್ಯವನ್ನು ಎಷ್ಟು ಹೊಗಳಿದರೂ ಸಲ್ಲುವುದು. ಆದರೂ ಅದು ಎಂಜಿನಿಯರರ ಗದ್ಯ. ಕೆರೆ ತುಂಬಿದರೆ ಕಾಲುವೆ ಹರಿಯುವುದೆಂಬ ನಂಬಿಕೆಯ ಗದ್ಯ. ಉತ್ಪನ್ನವು ಅದರಲ್ಲಿ ಪ್ರಥಮಾವಿಭಕ್ತಿಯಲ್ಲಿ ನಿಂತರೆ ಬೆಲೆಯು ಎಲ್ಲಿಯೋ ಅಧ್ಯಾಹಾರದಲ್ಲಿರುವುದು. ಬೆಳೆದುದಕ್ಕೆ ಗಿರಾಕಿಯಿಲ್ಲದ ಕಾಲದಲ್ಲಿ ಇನ್ನೂ ಹೆಚ್ಚು ಬೆಳೆಯಿರೆಂದರೆ ರಾಣೆಬೆನ್ನೂರಿನ ಹತ್ತಿಯವನು ಏನೆಂದಾನು? ಜನರು ಹೊಲವನ್ನು ಬಿಟ್ಟು ಕಾರಖಾನೆಗೆ ಹೋದರೆ ಅವರೇ ಗಿರಾಕಿಗಳಾಗುವರು ಎಂಬುದು ಗ್ರಂಥದ ಉತ್ತರ. ದೂರದೃಷ್ಟಿಯಲ್ಲಿ ಅದು ಸರಿ. ಮೈಸೂರು ಸಂಸ್ಥಾನದಲ್ಲಿ ಅದರ ಒಂದು ತುಣುಕು ಕಣ್ಣಿಗೆ ಕಂಡಿತು. ಮಂಡ್ಯದ ಬಯಲಿಗೆ ನೀರು ಬಂದಿದ್ದಿತು. 1932ರಲ್ಲಿ ಭಾರತ ಸರಕಾರವು ಸಕ್ಕರೆಗೆ ಸುಂಕದ ರಕ್ಷಣೆಯನ್ನಿತ್ತಿತು. 1933ರಲ್ಲಿ ಮಿರ್ಜಾ ಇಸ್ಮಾಯಿಲರ ದಿವಾನಗಿರಿಯಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಕಬ್ಬಿನವನಿಗೆ ಬಾಗಿಲಲ್ಲಿಯೇ ಗಿರಾಕಿ ದೊರೆತನು. ತುಂಗಭದ್ರೆಯ ಈಚೆಯ ದಡದ ಮೆಣಸಿನಕಾಯಿಯವನಿಗೆ ಅಂತಹ ದಿವಾನನಿರಲಿಲ್ಲ.

ಇಲ್ಲಿದ್ದುದು ಕರನಿರಾಕರಣೆ. 1928ರಲ್ಲಿ ಬಾರ್ಡೋಲಿಯಲ್ಲಿ ನೂರಕ್ಕೆ 22ರಷ್ಟು ಏರಿಸಿದ ಕಂದಾಯವನ್ನು, ಜನರು ಹೋರಾಡಿದ ಮೇಲೆ, ವಿಚಾರಣೆ ನಡೆಯಿಸಿ ಸುಮಾರು 6ಕ್ಕೆ ಇಳಿಸಬೇಕಾಯಿತು. ಅದು ಲೆಕ್ಕದ ಹೋರಾಟ. ಅನಂತರ ಅಂಕೋಲೆ, ಸಿದ್ದಾಪುರಗಳಲ್ಲಿಯೂ, ಹಾವೇರಿಯ ನೆರೆಯ ಹಿರೇಕೆರೂರು ತಾಲ್ಲೂಕಿನಲ್ಲಿಯೂ 1932ರ ವೇಳೆಗೆ ನಡೆದುದು ಬೇರೆ ಜಾತಿಯದು. ಅಲ್ಲಿಯ ಒಕ್ಕಲಿಗರು ಬೆಲೆ ಬಿದ್ದಿದೆ, ಇಷ್ಟು ಕಡಮೆ ಮಾಡಿರೆಂದು ಕೇಳಲಿಲ್ಲ, ಕೊಡುವುದಿಲ್ಲವೆಂದರು. ಹೊಲ, ದನ, ಪಾತ್ರೆಪಡಗ ಜಪ್ತಿಯಾದವು. ಅದರ ನುಡಿ ವ್ರತದ ನುಡಿ, ತ್ಯಾಗದ ನುಡಿ. ಬೆಲೆಯಿಳಿತವು ಆ ಹಟಕ್ಕೆ ಇಂಬುಕೊಟ್ಟಿರಬೇಕೆಂಬುದರಲ್ಲಿ ಸಂದೇಹವಿಲ್ಲ. ಹೇಗೂ ಕಟ್ಟಲಾರದುದನ್ನು ಕಟ್ಟೆನೆಂದು ಹೇಳುವುದರಲ್ಲಿ ಮರ್ಯಾದೆಯಾದರೂ ಉಳಿಯುವುದು. ಆದರೆ ಇದನ್ನೇ ಮುಖ್ಯ ಕಾರಣವೆಂದು ಹೇಳುವ ಚರಿತ್ರಕಾರರೊಡನೆ ನಮಗೆ ಒಪ್ಪಿಗೆಯಿಲ್ಲ. 1943ರ ಏಪ್ರಿಲ್ 1ರಂದು, ಗಳಗನಾಥದ ಸೀಮೆಯದೇ ಆದ ಹೊಸರಿತ್ತಿಯಲ್ಲಿ, ಕಂದಾಯದ ಹಣವನ್ನು ವಶಪಡಿಸಿಕೊಳ್ಳಹೋದ ಮೈಲಾರ ಮಹಾದೇವಪ್ಪನವರೂ ಇಬ್ಬರು ಸಂಗಡಿಗರೂ ಗುಂಡಿಗೆ ಬಲಿಯಾದರು. ಆಗ ಯುದ್ಧಕಾಲ, ಎಲ್ಲವೂ ತುಟ್ಟಿ. ಸೋವಿಯ ಕಾಲದಲ್ಲಿಯೂ ತುಟ್ಟಿಯ ಕಾಲದಲ್ಲಿಯೂ ಅದೇ ಕಂದಾಯದ ಪೆಟ್ಟಿಗೆಯ ಮೇಲೆ ಕೈಯೆತ್ತಿದುದನ್ನು ಬೆಲೆಯಿಂದ ವಿವರಿಸುವುದೆಂತು? ಅದು ಆಳುವ ಹಕ್ಕನ್ನು ಕುರಿತ ಜಗಳ. ಹೀಗೆ ಚಳವಳಿಯ ಭಾಷೆಯೂ ತನ್ನ ಶುದ್ಧಿಯಿಂದಲೇ ಅಗ್ಗದ ಮಾತನ್ನು ಬದಿಗೊತ್ತಿತು.

ಆ ಹಿರೇಕೆರೂರು ತಾಲ್ಲೂಕಿನ ಅಬಲೂರು-ಮಾಸೂರುಗಳೇ ಸರ್ವಜ್ಞನ ಊರುಗಳೆಂದು ಸಂಪ್ರದಾಯ. ಸಾಲವನ್ನು ಕುರಿತ ಅವನ ತ್ರಿಪದಿಯನ್ನು ಅರಿಯದ ಕನ್ನಡಿಗನಿಲ್ಲ: ಕೊಳ್ಳುವಾಗಿನ ಸವಿಯೂ, ಒಡೆಯನು ಬಂದು ಕೇಳುವಾಗಿನ ನೋವೂ ಅಲ್ಲಿ ಎದುರೆದುರು ನಿಂತಿವೆ. ಈ ಪದ್ಯವನ್ನು ನಾವು ಶಾಲೆಗಳಲ್ಲಿ ಮಿತವ್ಯಯದ ಪಾಠವಾಗಿ ಕಲಿಸುತ್ತ ಬಂದಿದ್ದೇವೆ. ಸವಿದವನೇ ತೀರಿಸಬೇಕೆಂಬುದು ಅದರೊಳಗಿನ ನ್ಯಾಯ; ಸಾಲದ ಪಾಪ ಸಾಲಗಾರನದು. ಸೂಚ್ಯಂಕವು 141ರಿಂದ 87ಕ್ಕೆ ಇಳಿದಾಗ ಈ ನ್ಯಾಯಕ್ಕೆ ಏನಾಯಿತೆಂಬುದನ್ನು ನೋಡಿರಿ. 1929ರಲ್ಲಿ ನೂರು ಚೀಲಗಳ ಬೆಲೆಯಷ್ಟು ಸಾಲ ಮಾಡಿದವನು, ಆಮೇಲೆ ಒಂದು ಕಾಸನ್ನೂ ಕೊಳ್ಳದೆ, ಬಡ್ಡಿಯನ್ನೂ ತಪ್ಪದೆ ಕಟ್ಟಿ, 1933ರಲ್ಲಿ ಅಸಲಿಗೆಂದೇ ನೂರಅರವತ್ತೆರಡು ಚೀಲಗಳನ್ನು ಅಳೆಯಬೇಕಾಗುವುದು. ಆ ಅರವತ್ತೆರಡು ಚೀಲಗಳನ್ನು ಅವನು ಯಾವಾಗ ಉಂಡನು? ಅವುಗಳ ಸವಿಯನ್ನು ಕಂಡವರಾರು? ಸಾಲ ತೀರಿಸಲೆಂದು ಎಲ್ಲರೂ ಮಾರಿದಷ್ಟೂ ಬೆಲೆ ಬಿದ್ದು ಸಾಲವು ಬೆಳೆಯುವುದೆಂಬುದನ್ನು ಅಮೆರಿಕೆಯ ಇರ್ವಿಂಗ್ ಫಿಷರನು 1933ರಲ್ಲಿ ಶಾಸ್ತ್ರವಾಗಿ ನಿರೂಪಿಸಿದನು. ಸರ್ವಜ್ಞನಿಗೆ ಇದು ತಿಳಿಯಲಿಲ್ಲವೆಂದು ಅವನನ್ನು ಆಕ್ಷೇಪಿಸುವುದು ಮೂಢತನ. ಆಕ್ಷೇಪಿಸಬೇಕಾದುದು ನಮ್ಮನ್ನು: ನೀತಿಯ ತ್ರಿಪದಿಯನ್ನು ಅರ್ಥಶಾಸ್ತ್ರದ ಸೂತ್ರವೆಂಬಂತೆ ಕಲಿಸಿ, ಸಾಲದಲ್ಲಿ ಮುಳುಗಿದ ಒಕ್ಕಲಿಗನ ಮಗನಿಗೆ ಅವನ ತಂದೆಯೇ ತಪ್ಪುಗಾರನೆಂದು ತರಗತಿಯಲ್ಲಿ ಹೇಳಿಕೊಟ್ಟಂತಾಗಿದೆ.

ಹೊಸ ಸಾಹಿತ್ಯವೂ ಈ ನ್ಯಾಯದಿಂದ ಬೇಗ ಬಿಡಿಸಿಕೊಳ್ಳಲಿಲ್ಲ. ಈ ಊರಿನ ಹೆಸರಿನಿಂದಲೇ ಪ್ರಸಿದ್ಧರಾದ ಗಳಗನಾಥರು, ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942), ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರು. ಕೊಳ್ಳುವವನ ಕೈಯಲ್ಲಿ ಕಾಸಿಲ್ಲದಿದ್ದರೆ ಸರಕಿನ ಗತಿಯೇನೆಂಬುದನ್ನು ಕನ್ನಡ ಲೇಖಕರಲ್ಲಿ ಅವರಷ್ಟು ಬಲ್ಲವರಿರಲಾರರು. ಆದರೂ ಅವರ ಕಾದಂಬರಿಗಳಲ್ಲಿ ನಾಡಿನ ಏಳುಬೀಳುಗಳು ಪುಣ್ಯಪಾಪಗಳ, ಶೌರ್ಯದ್ರೋಹಗಳ ಫಲಗಳು. ‘ಮಾಧವ ಕರುಣಾವಿಲಾಸ’ದಲ್ಲಿ ಕರುಣೆಯಿಂದ ರಾಜ್ಯವೇಳುವುದು, ಹರಿನಾರಾಯಣ ಆಪ್ಟೆಯವರ ಮರಾಠಿ ‘ವಜ್ರಾಘಾತ’ವನ್ನು ಆಧರಿಸಿದ ‘ಕನ್ನಡಿಗರ ಕರ್ಮಕಥೆ’ಯಲ್ಲಿ ಹೆಸರೇ ಹೇಳುವಂತೆ ಕರ್ಮದಿಂದ ಬೀಳುವುದು. ಯಾರ ಪಾಪವೂ ಅಲ್ಲದ ಪತನಕ್ಕೆ ಈ ಕಥನದಲ್ಲಿ ಎಡೆಯಿಲ್ಲ. ಅದನ್ನು ಕೊರತೆಯೆಂದು ನಾವು ಹೇಳುತ್ತಿಲ್ಲ. ಐತಿಹಾಸಿಕ ಕಾದಂಬರಿಯಿಂದ ಸಂತೆಯ ಧಾರಣೆಯನ್ನು ಕೇಳುವುದು ಅನ್ಯಾಯವಾದೀತು.

ಶಿವರಾಮ ಕಾರಂತರ ‘ಚೋಮನ ದುಡಿ’ಯು 1933ರಲ್ಲಿ ಪ್ರಕಟವಾಯಿತು. ಅದು ಮುಗ್ಗಟ್ಟಿನ ಕಾದಂಬರಿಯಲ್ಲ. ಅದನ್ನು ಹಾಗೆ ಮಾಡುವ ಹಟವೂ ನಮಗಿಲ್ಲ. ಹೊಲೆಯನಿಗೆ ಭೂಮಿಯಿಲ್ಲವೆಂಬುದೇ ಅದರ ಮರ್ಮ. ಆದರೂ ಒಂದು ಅಂಶವನ್ನು ಅಧ್ಯಾಪಕರು ವಿದ್ಯಾರ್ಥಿಗಳಿಗೆ ತೋರಿಸಿಕೊಡುವುದು ಉಚಿತ. ಚೋಮನ ಸಾಲ ಕಾಫಿ ತೋಟದ ಸಾಲ, ನಾಣ್ಯದ ಸಾಲ. ಅದನ್ನು ತೀರಿಸಲು ಅವನಲ್ಲಿ ನಾಣ್ಯವಿಲ್ಲ, ಮಕ್ಕಳ ಮೈಯಿದೆ. ಮಕ್ಕಳು ಘಟ್ಟ ಹತ್ತಿ ಹೋಗುವರು. ಸಾಲವು ಒಂದು ಮಾನದಲ್ಲಿ, ದುಡಿಮೆ ಇನ್ನೊಂದು ಮಾನದಲ್ಲಿ ನಿಂತು, ಆ ಎರಡರ ನಡುವಣ ವಿನಿಮಯದರವನ್ನು ತೋಟದವನ ಲೆಕ್ಕದ ಪುಸ್ತಕವೇ ಗೊತ್ತುಮಾಡುವುದು. 18 ಪೆನ್ನಿಯೋ 16 ಪೆನ್ನಿಯೋ ಎಂದು ದಿಲ್ಲಿಯಲ್ಲಿ ವಾದಿಸುತ್ತಿದ್ದವರ ಕಣ್ಣಿಗೆ ಬೀಳದ ವಿನಿಮಯವಿದು. ಅಂಬೇಡಕರರ ಪ್ರಶ್ನೆಗೂ ಸರ್ವಜ್ಞನ ನ್ಯಾಯಕ್ಕೂ ಕನ್ನಡದಲ್ಲಿ ಆ ಹೊತ್ತಿಗೆ ಬಂದ ಉತ್ತರವೆಂದರೆ, ಲೇಖಕನು ಉದ್ದೇಶಿಸಿರಲಿ ಬಿಡಲಿ, ಇದೊಂದೇ.

ಈ ವಿಚಾರವು ಹಳೆಯ ಕಡತಗಳಿಗೆ ಮಾತ್ರ ಸೇರಿದುದೆಂದು ತಿಳಿಯಬಾರದು. 2024ರ ಮಾರ್ಚ್ 11ರಂದು ಬ್ಯಾಡಗಿಯ ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ಧಾರಣೆ ಕುಸಿದುದರಿಂದ ಕೆರಳಿದ ರೈತರು ಸಮಿತಿಯ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿಯಿಟ್ಟರು. ಬೆಳೆ ಹೋಗಿರಲಿಲ್ಲ, ಚೀಲಗಳು ಅಂಗಳದ ತುಂಬ ಬಿದ್ದಿದ್ದವು. ಬೆಂಕಿಯಿಡುವುದನ್ನು ಸಮರ್ಥಿಸಲಾಗದು, ಆದರೆ ಆ ರೈತನು ತನ್ನ ನಷ್ಟವನ್ನು ಯಾವ ಅರ್ಜಿಯ ಯಾವ ಅಂಕಣದಲ್ಲಿ ಬರೆಯಬೇಕಾಗಿದ್ದಿತೆಂದು ಕೇಳಬಹುದು. 2016ರಿಂದ ನಡೆಯುತ್ತಿರುವ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯು ಗ್ರಾಮಪಂಚಾಯಿತಿಯ ಮಟ್ಟದಲ್ಲಿ ಇಳುವರಿಯನ್ನು ಅಳೆಯುವುದು. ಕೆಲವು ತೋಟದ ಬೆಳೆಗಳಿಗೆ ಹವಾಮಾನವನ್ನು ಅಳೆಯುವ ಯೋಜನೆಯಿದೆ. ಬೆಲೆಯನ್ನು ಎರಡೂ ಅಳೆಯವು. ಯಂತ್ರೋಪಕರಣಗಳಿಂದಲೂ ಉಪಗ್ರಹದ ಚಿತ್ರಗಳಿಂದಲೂ ಸುಧಾರಿಸಿದ ಆಣೆವಾರಿಯೆಂದೇ ಇದನ್ನು ಹೇಳಬಹುದು. ಕನಿಷ್ಠ ಬೆಂಬಲ ಬೆಲೆಯ ಪಟ್ಟಿಯಲ್ಲಿ ಜೋಳವೂ ಹತ್ತಿಯೂ ಇವೆ, ಮೆಣಸಿನಕಾಯಿಯಿಲ್ಲ. 2017ರಲ್ಲಿ ಮಧ್ಯಪ್ರದೇಶದ ಸರಕಾರವು ಗೊತ್ತಾದ ಬೆಲೆಗೂ ಪೇಟೆಯ ಬೆಲೆಗೂ ಇರುವ ಅಂತರವನ್ನು ರೈತನಿಗೆ ತುಂಬಿಕೊಡುವ ಯೋಜನೆಯೊಂದನ್ನು ತಂದು ಅದಕ್ಕೆ ‘ಭಾವಾಂತರ’ವೆಂದು ಹೆಸರಿಟ್ಟಿತು. ಹಿಂದಿಯಲ್ಲಿ ಭಾವವೆಂದರೆ ದರ. ಅದನ್ನು ಹಾಗೆಯೇ ಕನ್ನಡಕ್ಕೆ ತಂದರೆ ನಮ್ಮ ಅಲಂಕಾರಶಾಸ್ತ್ರದ ವಿದ್ಯಾರ್ಥಿಗಳು ರಸಪ್ರಕರಣದಲ್ಲಿ ಹುಡುಕಿಯಾರು. ‘ಅರ್ಘಾಂತರ’ವೆಂದರೆ ಪಂಚಾಂಗ ಕೇಳಿದ ಯಾವ ಒಕ್ಕಲಿಗನಿಗೂ ತಿಳಿಯುವುದು.